ಸ್ಟೀಫನ್ ಬೆಟ್ಟದ ಟ್ರೈಲೋಬೈಟ್ ನಡಿಗೆ: ಮೊಣಕಾಲು ಗಟ್ಟಿಯಿದ್ದರೆ ಖಂಡಿತ ಹೋಗಿ

ಧಾರವಾಡದಲ್ಲಿ ಇಪ್ಪತ್ತೆಂಟು ವರ್ಷ ಜೀವಶಾಸ್ತ್ರ ಕಲಿಸಿದ್ದೇನೆ. ಎಂದೋ ಅಳಿದುಹೋದ ಚಿಪ್ಪಿನ ಕಡಲ ಜೀವಿ ಟ್ರೈಲೋಬೈಟಿನ ಚಿತ್ರವನ್ನು ಕಪ್ಪು ಹಲಗೆಯ ಮೇಲೆ ಎಷ್ಟು ಬಾರಿ ಬರೆದೆನೋ ಲೆಕ್ಕವಿಲ್ಲ. ಅದರ ಪಳೆಯುಳಿಕೆಯನ್ನು ಅಂಗೈಯಲ್ಲಿ ಹಿಡಿದದ್ದು ಮಾತ್ರ ಈ ಆಗಸ್ಟಿನಲ್ಲಿ, ಕೆನಡಾದ ಯೋಹೋ ರಾಷ್ಟ್ರೀಯ ಉದ್ಯಾನದ ಸ್ಟೀಫನ್ ಬೆಟ್ಟದಲ್ಲಿ. ಕ್ಯಾಲ್ಗರಿಯಲ್ಲಿರುವ ಮಗಳು ಉದ್ಯಾನ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಪಾರ್ಕ್ಸ್ ಕೆನಡಾದವರ ನಡಿಗೆಗೆ ಮೊದಲೇ ಜಾಗ ಕಾಯ್ದಿರಿಸಿದ್ದಳು. ಮಾರ್ಗದರ್ಶಿಯಿಲ್ಲದೆ ಅಲ್ಲಿಗೆ ಯಾರನ್ನೂ ಬಿಡುವುದಿಲ್ಲ.

ಫೀಲ್ಡ್ ಎಂಬ ಪುಟ್ಟ ಊರಿನಿಂದ ಹೊರಟ ದಾರಿ ಉಸಿರಾಡಲು ಬಿಡದಂತೆ ಏರುತ್ತದೆ. ಹೋಗಿಬರಲು ಎಂಟೊಂಬತ್ತು ಕಿಲೋಮೀಟರ್ ಅಷ್ಟೇ, ಆದರೆ ಏರು ಸುಮಾರು 800 ಮೀಟರ್. ಅರವತ್ತೆರಡರ ನನಗೆ ಇಳಿಯುವುದೇ ಹೆಚ್ಚು ಕಷ್ಟವಾಯಿತು. ಬಾಡಿಗೆಗೆ ತಂದ ಊರುಗೋಲಿನ ತಿರುಪು ಸಡಿಲವಾಗಿ ಎರಡು ಬಾರಿ ಕುಸಿಯಿತು. ಅಂಗಡಿಯಲ್ಲೇ ಭಾರ ಹಾಕಿ ನೋಡಿ ತನ್ನಿ.

ಮೇಲೆ ತಲುಪಿದ ಮೇಲೆ ಕಾಲಿಡಲು ಜಾಗ ಹುಡುಕಬೇಕು, ಟ್ರೈಲೋಬೈಟುಗಳು ಹಾಗೆ ಚೆಲ್ಲಿಕೊಂಡಿವೆ. ಸುಮಾರು 50 ಕೋಟಿ ವರ್ಷಗಳ ಹಿಂದಿನ ಕಡಲ ತಳದ ಕೆಸರು ಅದು. ನಮ್ಮ ಧಾರವಾಡದ ಶಿಲೆಗಳು ಇದಕ್ಕಿಂತ ಎಷ್ಟೋ ಹಳೆಯವು, 250 ಕೋಟಿ ವರ್ಷ ದಾಟಿದವು. ಆದರೆ ಅವು ರೂಪುಗೊಂಡಾಗ ಪ್ರಾಣಿಗಳೇ ಇರಲಿಲ್ಲ. ಇಲ್ಲಿ ಕಲ್ಲು ತಿರುಗಿಸಿದರೆ ಬೆನ್ನಿನ ಗೆರೆಗಳು ಬೆರಳಿಗೆ ತಾಗುತ್ತವೆ. ಎಷ್ಟೋ ಚಿಪ್ಪುಗಳು ಸತ್ತ ಪ್ರಾಣಿಯವಲ್ಲ, ಬೆಳೆಯುವಾಗ ಕಳಚಿದ ಪೊರೆ ಎಂದು ಮಾರ್ಗದರ್ಶಿ ಹುಡುಗಿ ತೋರಿಸಿದಾಗ ನನ್ನ ಕಣ್ಣು ತುಂಬಿತು.

ಅವಳು ಅನೊಮಲೊಕ್ಯಾರಿಸ್ ಎಂಬ ಪುರಾತನ ಕಡಲ ಪ್ರಾಣಿಯ ಕಥೆ ಹೇಳಿದ ರೀತಿಗೇ ಕೊಟ್ಟ ಹಣ ಸಾರ್ಥಕ. ಇದೇ ಬೆಟ್ಟದಲ್ಲಿ ಸಿಕ್ಕ ಬಾಗಿದ ತುಣುಕನ್ನು 1892ರಲ್ಲಿ ಸಿಗಡಿಯಂಥ ಜೀವಿಯ ದೇಹ ಎಂದು ವರ್ಣಿಸಿದರು. ದುಂಡನೆಯ ಬಾಯಿಯನ್ನು ಬೇರೆಯೇ ಲೋಳೆಮೀನು ಎಂದುಕೊಂಡರು. 1985ರಲ್ಲಿ ವಿಟಿಂಗ್ಟನ್ ಮತ್ತು ಬ್ರಿಗ್ಸ್ ಎಂಬ ವಿಜ್ಞಾನಿಗಳು ಇವೆಲ್ಲ ಒಂದೇ ಬೇಟೆಗಾರ ಪ್ರಾಣಿಯ ಅಂಗಗಳೆಂದು ವಿವರಿಸಿದರು. ಕಥೆ ಮುಗಿಸಿ, ಆ ಬಾಗಿದ ತುಣುಕು, ಅಂದರೆ ಬೇಟೆ ಹಿಡಿಯುವ ಮುಂಗೈ, ಇದ್ದ ಕಲ್ಲನ್ನೇ ನನ್ನ ಕೈಗಿಟ್ಟಳು.

ಒಂದು ಚೂರನ್ನೂ ಒಯ್ಯುವಂತಿಲ್ಲ. ಎತ್ತಿದ್ದನ್ನು ಎತ್ತಿದಲ್ಲೇ ಇಡಬೇಕು. ಈ ಕಟ್ಟುನಿಟ್ಟು ಸರಿ. ಮೊಬೈಲಿನಲ್ಲಿ ಚಿತ್ರ ತೆಗೆಯುವಾಗ ಪಕ್ಕದಲ್ಲಿ ನಾಣ್ಯವಿಡಿ, ಗಾತ್ರ ತಿಳಿಯುತ್ತದೆ.

ಇದೇ ಉದ್ಯಾನದ ಇನ್ನೊಂದು ಪಳೆಯುಳಿಕೆ ತಾಣ ವಾಲ್ಕಾಟ್ ಕ್ವಾರಿಯ ನಡಿಗೆ 21 ಕಿಲೋಮೀಟರಿಗೂ ಹೆಚ್ಚು. ಮಗಳಿಗೆ ಹೇಳಿದ್ದೇನೆ, ಬರುವ ವರ್ಷ ಅದಕ್ಕೆ.