ಕೌಶಲ್ಯದ ಚಿಪ್: ಸೈಬರ್‌ಪಂಕ್ ರೆಡ್ ಒಳ್ಳೆಯದೋ, ಶ್ಯಾಡೋರನ್ ಒಳ್ಳೆಯದೋ?

ಸೈಬರ್‌ಪಂಕ್ ಆಟಗಳಲ್ಲಿ, ಅಂದರೆ ಮುಂದಿನ ಕಾಲದ ಯಂತ್ರಲೋಕದಲ್ಲಿ ಪಾತ್ರ ವಹಿಸಿ ದಾಳ ಹಾಕುತ್ತ ಆಡುವ ಕಥೆಯಾಟಗಳಲ್ಲಿ, ಪಾತ್ರಕ್ಕೆ ಬಾರದ ವಿದ್ಯೆಯನ್ನು ದುಡ್ಡು ಕೊಟ್ಟು ತಲೆಯೊಳಗೆ ಕೂರಿಸಬಹುದು. ಶಿರಸಿಯ ನಮ್ಮ ಗುಂಪು ಇದನ್ನು ಸೈಬರ್‌ಪಂಕ್ ರೆಡ್ ಮತ್ತು ಶ್ಯಾಡೋರನ್ ಐದನೇ ಆವೃತ್ತಿ ಎರಡರಲ್ಲೂ ಆಡಿ ನೋಡಿದೆ. ಎರಡಕ್ಕೂ ಒಂದೇ ಕಥೆ: ಮುಂದಿನ ಕಾಲದ ಕಾರವಾರ, ರಾತ್ರಿ ಬೈತಖೋಲ ಬಂದರಿನಿಂದ ದೋಣಿ ಬಿಟ್ಟು ಕೂರ್ಮಗಡ ದ್ವೀಪದಲ್ಲಿ ಅಡಗಿಸಿಟ್ಟ ಸರಕು ತರಬೇಕು. ಎಲ್ಲ ಪಾತ್ರಗಳೂ ಘಟ್ಟದ ಮೇಲಿನವು, ದೋಣಿ ನಡೆಸಲು ಒಬ್ಬರಿಗೂ ಬಾರದು.

ರೆಡ್‌ನಲ್ಲಿ ಚಿಪ್ ಕೌಶಲ್ಯವನ್ನು 3ಕ್ಕೆ ತಂದು ನಿಲ್ಲಿಸುತ್ತದೆ, ಅದಕ್ಕಿಂತ ಮೇಲಿಲ್ಲ. ನಮ್ಮ ಪಾತ್ರದ ರಿಫ್ಲೆಕ್ಸ್ (ಚುರುಕುತನ) 6, ಅದಕ್ಕೆ ಕೌಶಲ್ಯವನ್ನೂ ದಾಳದ ಅಂಕವನ್ನೂ ಕೂಡಿಸಬೇಕು. ಸಾಧಾರಣ ಕೆಲಸಕ್ಕೆ ಗುರಿ 13, ಅದನ್ನು ದಾಟಬೇಕು. ಚಿಪ್ ಇಲ್ಲದಿದ್ದರೆ ಹತ್ತು ಮುಖದ ದಾಳದಲ್ಲಿ 8 ಅಥವಾ ಹೆಚ್ಚು ಬೀಳಬೇಕು, ಇದ್ದರೆ 5 ಸಾಕು. ಗೆಲ್ಲುವ ಸಾಧ್ಯತೆ ದುಪ್ಪಟ್ಟು. ಆದರೆ ಬಿರುಗಾಳಿಯಲ್ಲಿ ಬಂಡೆಗಳ ನಡುವೆ ನುಗ್ಗಬೇಕೆಂದಾಗ ಗುರಿ 17 ಆಯಿತು, 9 ಬಿದ್ದರಷ್ಟೇ ಬಚಾವ್. ಚಿಪ್ ಹಾಕಿದವನು ದೋಣಿ ಬಿಡಬಲ್ಲ, ಆದರೆ ತಂಡೇಲ, ಅಂದರೆ ನುರಿತ ದೋಣಿನಾಯಕ, ಆಗುವುದಿಲ್ಲ. ಈ ಮಿತಿ ನನಗೆ ತುಂಬ ಹಿಡಿಸಿತು.

ಇನ್ನು ಬೆಲೆ. ನರಗಳಿಗೆ ಜೋಡಿಸುವ ನ್ಯೂರಲ್ ಲಿಂಕ್ 500, ಚಿಪ್ ಸಿಕ್ಕಿಸುವ ಸಾಕೆಟ್ 500, ಚಿಪ್ 500 ಯೂರೋಬಕ್ಸ್ (ಆಟದೊಳಗಿನ ದುಡ್ಡು). ದುಡ್ಡು ಹೋದರೂ ಹೋಗಲಿ ಎನ್ನಬಹುದು, ಮೂರಕ್ಕೂ ತಲಾ 7ರಂತೆ ಹ್ಯೂಮ್ಯಾನಿಟಿ (ಮನುಷ್ಯತ್ವದ ಅಂಕ) ಕೂಡ ಇಳಿಯುತ್ತದೆ. 60 ಇದ್ದದ್ದು 39, ಅದರ ಜೊತೆಗೇ ಎಂಪತಿ (ಪರರ ಭಾವಕ್ಕೆ ಮಿಡಿಯುವ ಗುಣ) 6ರಿಂದ 3. ಜನರೊಡನೆ ಮಾತಾಡುವ, ಎದುರಿನವರ ಮನಸ್ಸು ಅರಿಯುವ ಕೌಶಲ್ಯಗಳು ನಿಂತಿರುವುದು ಎಂಪತಿಯ ಮೇಲೆ. "ಒಂದು ದೋಣಿ ಬಿಡಲಿಕ್ಕೆ ನಾನು ಅರ್ಧ ಮನುಷ್ಯ ಆಗಬೇಕನಾ ಮಾರಾಯಾ?" ಎಂದು ನಮ್ಮ ಆಟಗಾರ ಪಾತ್ರದ ಅಂಕಗಳ ಹಾಳೆ ಹಿಡಿದು ಕೂತುಬಿಟ್ಟ. ಆ ಹಿಂಜರಿಕೆಯಿಂದಲೇ ಪಾತ್ರಕ್ಕೆ ಜೀವ ಬಂತು. ಎರಡನೆಯ ಚಿಪ್ ಕೊಂಡರೂ ಮತ್ತೆ ಹ್ಯೂಮ್ಯಾನಿಟಿ ಹೋಗುತ್ತದೆ. ಒಮ್ಮೆ ಹಾಕಿದ ಚಿಪ್ ತೆಗೆದು ಮತ್ತೆ ಹಾಕಿದರೆ ಮಾತ್ರ ನಷ್ಟವಿಲ್ಲ.

ಶ್ಯಾಡೋರನ್‌ನ ಸ್ಕಿಲ್‌ವೈರ್ ಮೈತುಂಬ ಹರಡುವ ತಂತಿ. ಎಸೆನ್ಸ್ (ದೇಹದ ಜೀವಸತ್ವದ ಅಂಕ) ಹೋಗುವುದು ಅದನ್ನು ಅಳವಡಿಸುವಾಗ, ಆಮೇಲೆ ಒಂದೊಂದು ವಿದ್ಯೆಗೂ ಕೊಳ್ಳುವ ಆಕ್ಟಿವ್‌ಸಾಫ್ಟ್‌ಗಳಿಗೆ ಬರೀ ದುಡ್ಡು. ರಿಯಾಕ್ಷನ್ (ಚುರುಕುತನ) 4, ಸಾಫ್ಟ್ 3 ಸೇರಿ ಎಸೆಯಲು ಏಳು ದಾಳ, ಕಲಿಯದವನಿಗೆ ರಿಯಾಕ್ಷನ್ನಿನಲ್ಲೂ ಒಂದು ಕಳೆದು ಮೂರೇ. ಇವತ್ತು ದೋಣಿ, ನಾಳೆ ಬೀಗ, ನಾಡಿದ್ದು ಬಂದೂಕು. ಆಡುವವರು ಇಬ್ಬರೇ ಇದ್ದ ರಾತ್ರಿ ಇದರಂಥ ಅನುಕೂಲ ಬೇರೆ ಇರಲಿಲ್ಲ. ಐದು ಜನ ಸೇರಿದಾಗ ಮಾತ್ರ ಬೇಜಾರಾಯಿತು: ಬೀಗ ತೆರೆಯುವುದನ್ನೇ ಬಾಳಿನ ಕಸುಬು ಮಾಡಿಕೊಂಡ ಪಾತ್ರದ ಪಕ್ಕದಲ್ಲೇ ಇನ್ನೊಬ್ಬ ಸಾಫ್ಟ್ ಬದಲಿಸಿ ಅದೇ ಕೆಲಸಕ್ಕೆ ಕೈಹಾಕಿದ. ಈ ಆಟದ ಮಾಂತ್ರಿಕ ಪಾತ್ರಗಳಿಗಂತೂ ಈ ತಂತಿ ಬೇಡವೇ ಬೇಡ, ಎಸೆನ್ಸ್ ಇಳಿದರೆ ಮ್ಯಾಜಿಕ್ಕೂ ಇಳಿಯುತ್ತದೆ.

ಚಿಪ್ ಬಿಟ್ಟು ಆಡುತ್ತಾಡುತ್ತಲೇ ಕಲಿಯಬಹುದಲ್ಲ ಎಂದರೆ, ರೆಡ್‌ನಲ್ಲಿ ಸಾಧಾರಣ ಕೌಶಲ್ಯ ಸೊನ್ನೆಯಿಂದ 3ಕ್ಕೇರಲು 20, 40, 60 ಸೇರಿ, ಆಡಿ ಗಳಿಸಿದ 120 ಅಂಕ ಬೇಕು. ತಾಳ್ಮೆ ಇದ್ದವರಿಗೆ ಅದೂ ಒಳ್ಳೆಯ ದಾರಿಯೇ.

ದೀರ್ಘ ಕಥೆಗೆ ನನ್ನ ಆಯ್ಕೆ ರೆಡ್, ಒಂದೇ ರಾತ್ರಿಯ ಆಟಕ್ಕೆ ಶ್ಯಾಡೋರನ್. ರೆಡ್ ಆಡುವವರು ಒಮ್ಮೆ ಭಾಷೆಯ ಚಿಪ್ ಹಾಕಿ ನೋಡಿ. ಪಾತ್ರದ ಹುಟ್ಟುಭಾಷೆ 4ರಿಂದ ಶುರು, ಚಿಪ್ 3ಕ್ಕೇ ನಿಲ್ಲುತ್ತದೆ. ಕೊಂಕಣಿ ಚಿಪ್ ಹಾಕಿಕೊಂಡ ಶಿರಸಿಯವಳು ಬೈತಖೋಲದಲ್ಲಿ ವ್ಯವಹಾರ ಕುದುರಿಸಿದಳು. ಅವಳು ಊರಿನವಳಲ್ಲ ಎಂದು ಬಲೆ ಹೆಣೆಯುತ್ತಿದ್ದ ಮುದುಕನಿಗೆ ಎರಡೇ ಮಾತಿನಲ್ಲಿ ಗೊತ್ತಾಯಿತು ಎಂದು ನಾನು ಕಥೆ ಮುಂದುವರಿಸಿದೆ. ಆ ಮುದುಕನ ಬಾಯಿ ಮುಚ್ಚಿಸುವುದು ಹೇಗೆಂಬುದರಲ್ಲೇ ಆವತ್ತಿನ ಆಟ ಪೂರ್ತಿ ಹೋಯಿತು.