ಆಟಿಕೆ ತುಂಬಿದ ಮನೆಯ ಹುಡುಗನಿಗೆ ಮುನ್ನೂರು ರೂಪಾಯಿಯಲ್ಲಿ ಏನು ಕೊಡಬಹುದು?

ತುಮಕೂರಿನಲ್ಲಿ ಹುಟ್ಟುಹಬ್ಬಕ್ಕೆ ಹೊರಟವರು ಎಂ.ಜಿ. ರಸ್ತೆಯ ಕಡೆ ಯಾವುದೋ ಗಿಫ್ಟ್ ಅಂಗಡಿ ಹೊಕ್ಕು, ‘ಗಂಡುಹುಡುಗ, ಏಳು ವರ್ಷ, ಮುನ್ನೂರರೊಳಗೆ ಏನಾದ್ರೂ ಕೊಡಿ’ ಅನ್ನುತ್ತಾರೆ. ಅಂಗಡಿಯವರ ಕೈ ತಾನಾಗಿ ರಿಮೋಟ್ ಕಾರಿನ ಡಬ್ಬಿಗೆ ಹೋಗುತ್ತದೆ. ಆ ಹುಡುಗನ ಮಂಚದ ಕೆಳಗೆ ಅಂಥ ನಾಲ್ಕು ಕಾರು ಆಗಲೇ ಬಿದ್ದಿರುತ್ತವೆ. ಒಂದಕ್ಕೆ ಚಕ್ರವಿಲ್ಲ, ಒಂದರ ರಿಮೋಟು ಸಿಕ್ಕುವುದಿಲ್ಲ. ಅಗ್ಗದ ಕಾರುಗಳಲ್ಲಿ ಇನ್ನೊಂದು ತಕರಾರಿದೆ: ಎಷ್ಟೋ ಕಾರುಗಳು ಒಂದೇ 27 ಮೆಗಾಹರ್ಟ್ಸ್ ತರಂಗದಲ್ಲಿ ಓಡುವಂಥವು. ಇಬ್ಬರು ನೆಂಟರು ಅಂಥದ್ದನ್ನೇ ತಂದರೆ ಒಂದು ರಿಮೋಟ್ ಒತ್ತಿದಾಗ ಎರಡೂ ಓಡುತ್ತವೆ, ಆಮೇಲೆ ಅಣ್ಣತಮ್ಮಂದಿರ ಜಗಳ ಬಿಡಿಸಬೇಕು.

ಆಟಿಕೆ ಹೇರಳವಾಗಿರುವ ಹುಡುಗನ ಹೆಸರಿಗೆ ದೊಡ್ಡವರು ಬಳಸುವ ನಿಜವಾದ ಸಾಮಾನು ಒಂದೂ ಇರುವುದಿಲ್ಲ. ಅದಕ್ಕೇ ಇಲ್ಲಿ ಆಟಿಕೆ ಅಂಗಡಿ ಬಿಟ್ಟು ಸ್ಟೇಷನರಿ, ಹಾರ್ಡ್‌ವೇರ್, ಗ್ರಂಧಿಗೆ ಅಂಗಡಿಗಳ ಮಾಲನ್ನು ತೂಗಿ ನೋಡಿದೆ. ವಯಸ್ಸು ಐದರಿಂದ ಹತ್ತು ಎಂದಿಟ್ಟುಕೊಳ್ಳಿ.

ಮೊದಲ ಮಣೆ ಭೂತಗನ್ನಡಿಗೆ. ಸಾಧಾರಣದ್ದು ನೂರರಿಂದ ಇನ್ನೂರು ರೂಪಾಯಿ ಆದೀತು. ಡಬ್ಬಿಯ ಮೇಲೆ ‘10 ಎಕ್ಸ್’ ಎಂದು ಬರೆದಿದ್ದರೆ ನಂಬಬೇಡಿ, ಅಲ್ಲೇ ಅಳೆಯಿರಿ. ಟ್ಯೂಬ್‌ಲೈಟಿನ ಕೆಳಗೆ ಕೌಂಟರಿನ ಮೇಲೆ ಗಾಜನ್ನು ಅಡ್ಡ ಹಿಡಿದು ಮೇಲೆ ಕೆಳಗೆ ಆಡಿಸಿ. ಒಂದು ಎತ್ತರದಲ್ಲಿ ಟ್ಯೂಬ್‌ಲೈಟಿನ ಪುಟ್ಟ ಬಿಂಬ ಕೌಂಟರಿನ ಮೇಲೆ ಚೂಪಾಗಿ ಮೂಡುತ್ತದೆ. ಗಾಜಿಗೂ ಬಿಂಬಕ್ಕೂ ಇರುವ ದೂರ ಎಷ್ಟು ಸೆಂಟಿಮೀಟರೋ ನೋಡಿ, 25ನ್ನು ಅದರಿಂದ ಭಾಗಿಸಿ. ಹತ್ತು ಸೆಂ.ಮೀ. ಇದ್ದರೆ ಸುಮಾರು ಎರಡೂವರೆ ಪಟ್ಟು. ಹತ್ತು ಪಟ್ಟು ಬೇಕಿದ್ದರೆ ಆ ದೂರ ಎರಡೂವರೆ ಸೆಂ.ಮೀ.ಗೆ ಇಳಿಯಬೇಕು, ಗಾಜು ಗೋಲಿಯ ಹಾಗೆ ಉಬ್ಬಿರಬೇಕು. ಅಕ್ಕಸಾಲಿಗರು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಲೆನ್ಸು ಅಷ್ಟು ಪುಟ್ಟದಾಗಿರುವುದು ಇದೇ ಕಾರಣಕ್ಕೆ. ಹುಡುಗರಿಗೆ ಎರಡೂವರೆಯಿಂದ ಮೂರು ಪಟ್ಟು, ಆರೇಳು ಸೆಂ.ಮೀ. ಅಗಲ ಬೇಕಾದಷ್ಟಾಯಿತು. ಇನ್ನೂ ಶಕ್ತಿಯದ್ದು ಕೊಟ್ಟರೆ ನೋಟ ಕೂಡಿಸುವಷ್ಟರಲ್ಲಿ ಇರುವೆ ಗೂಡು ಸೇರಿರುತ್ತದೆ.

ಎರಡನೇ ಪರೀಕ್ಷೆಗೆ ಜೇಬಿನಲ್ಲಿರುವ ನೂರರ ನೋಟು ಸಾಕು. ಹಿಂಬದಿಯ ಭಾಷಾಪಟ್ಟಿಯಲ್ಲಿ ಹದಿನೈದು ಭಾಷೆಗಳಿವೆ, ನಾಲ್ಕನೇ ಸಾಲು ಕನ್ನಡದ್ದು. ಗಾಜಿನ ನಡುವಿನಲ್ಲಿಟ್ಟು ಅದನ್ನು ಓದಿ, ಮೆಲ್ಲಗೆ ಅಂಚಿಗೆ ಸರಿಸಿ. ಅಂಚಿನಲ್ಲಿ ಅಕ್ಷರ ಸ್ವಲ್ಪ ಬಾಗುವುದು ಸಹಜ. ನಡುವಿನಲ್ಲೇ ಅಲೆಯಾಡಿದರೆ ಅದು ಅಚ್ಚಿನಲ್ಲಿ ಸರಿಯಾಗಿ ಎರಕವಾಗದ ಪ್ಲಾಸ್ಟಿಕ್, ವಾಪಸ್ ಕೊಡಿ. ನೋಟಿನ ಮುಂಬದಿಯಲ್ಲಿ ‘ಆರ್‌ಬಿಐ’, ‘ಇಂಡಿಯಾ’ ಎಂಬ ಇಂಗ್ಲಿಷ್ ಅಕ್ಷರಗಳೂ ‘100’ ಎಂಬ ಅಂಕಿಯೂ ಬರಿಗಣ್ಣಿಗೆ ಗೆರೆಯಂತೆ ಕಾಣುವಷ್ಟು ಚಿಕ್ಕದಾಗಿ ಅಚ್ಚಾಗಿವೆ. ಹುಡುಕಿಕೊಡು ಅಂತ ಹುಡುಗನಿಗೇ ಬಿಡಿ, ಅರ್ಧ ಗಂಟೆ ಮನೆ ತಣ್ಣಗಿರುತ್ತದೆ.

ಗಾಜಿನ ಲೆನ್ಸು ಬಿದ್ದರೆ ಒಡೆಯುತ್ತದೆ. ಪ್ಲಾಸ್ಟಿಕ್ ಒಡೆಯುವುದು ಕಡಿಮೆ, ಆದರೆ ದೂಳಿರುವಾಗಲೇ ಅಂಗಿಯಲ್ಲಿ ಒರೆಸಿ ಒರೆಸಿ ವಾರದೊಳಗೆ ಮಬ್ಬಾಗುತ್ತದೆ. ಏಳರ ಒಳಗಿನವರಿಗೆ ಪ್ಲಾಸ್ಟಿಕ್, ಮೇಲಿನವರಿಗೆ ಗಾಜು. ಹಿಡಿ ಬಳೆಗೆ ಸೇರುವ ಜಾಗವನ್ನು ಒಮ್ಮೆ ತಿರುಚಿ ನೋಡಿ, ಮೊದಲು ಕೈಕೊಡುವುದು ಅದೇ. ಬಿಸಿಲಿನಲ್ಲಿ ಇದು ಕಾಗದ ಸುಡುತ್ತದೆ, ಕಿಟಕಿಯ ಮೇಲೆ ಮರೆತರೆ ಪರದೆಯನ್ನೂ ಸುಡಬಲ್ಲದು. ಇದರಲ್ಲಿ ಸೂರ್ಯನನ್ನು ನೋಡಬಾರದು ಎಂಬುದನ್ನು ಕೊಡುವಾಗಲೇ ಹೇಳಬೇಕು. ಬೇಸಿಗೆಯಲ್ಲಿ ದೇವರಾಯನದುರ್ಗ ಹತ್ತುವಾಗ ಮನೆಯಲ್ಲೇ ಬಿಟ್ಟು ಹೋಗಲಿ, ಅಲ್ಲಿ ಒಣಹುಲ್ಲು.

ಇನ್ನು ಮರದ ಬುಗುರಿ. ಇಷ್ಟು ಅಗ್ಗಕ್ಕೆ ಇಷ್ಟು ದಿನ ಬಾಳುವ ವಸ್ತು ಇನ್ನೊಂದಿಲ್ಲ, ಆದರೆ ಹತ್ತರಲ್ಲಿ ನಾಲ್ಕು ಸೊಟ್ಟ ಮೊಳೆಯವೇ ಇರುತ್ತವೆ. ಕೊಳ್ಳುವಾಗ ಎರಡು ಬೆರಳಲ್ಲಿ ಹಿಡಿದು ಕೌಂಟರ್ ಗಾಜಿನ ಮೇಲೆ ಗಿರ್ರನೆ ತಿರುಗಿಸಿ. ತಲೆ ತೂರಾಡಿದರೆ ಮೊಳೆ ನಡುವಿಗಿಲ್ಲ. ಮೊಳೆಯನ್ನು ಹಿಡಿದು ಅಲುಗಿಸಿಯೂ ನೋಡಿ, ಹಸಿ ಮರಕ್ಕೆ ಹೊಡೆದದ್ದಾದರೆ ಮರ ಒಣಗಿದ ಮೇಲೆ ಸಡಿಲವಾಗಿರುತ್ತದೆ. ಒಂದು ಸೆಂ.ಮೀ. ಹೊರಗಿದ್ದರೆ ಸಾಕು. ತುದಿ ಸೂಜಿಯಂತಿದ್ದರೆ ಚಪ್ಪಡಿ ಕಲ್ಲಿಗೆ ನಾಲ್ಕು ಸಲ ಉಜ್ಜಿ ಮೊಂಡು ಮಾಡಿ. ಪ್ಲಾಸ್ಟಿಕ್ ಬುಗುರಿಯ ಒಳಗೆ ಟೊಳ್ಳು, ತೂಕವಿಲ್ಲದೆ ಬೇಗ ನಿಲ್ಲುತ್ತದೆ, ಬೇಡ.

ಜೊತೆಗೆ ಕೊಡುವ ನೈಲಾನ್ ದಾರ ತೆಗೆದಿಡಿ, ಮರದ ಮೇಲೆ ಜಾರುತ್ತದೆ. ಒಂದೂಕಾಲು ಮೀಟರ್ ದಪ್ಪ ಹತ್ತಿಯ ಚಾಟಿ ಬೇಕು. ಒಂದು ತುದಿಗೆ ಗಂಟು, ಇನ್ನೊಂದಕ್ಕೆ ಬೆರಳು ತೂರುವ ಕುಣಿಕೆ. ಮೊಳೆಯ ಬುಡದಿಂದ ಸುತ್ತುತ್ತಾ ಮೇಲಕ್ಕೆ ಬರಬೇಕು, ಸುತ್ತಿನ ಮೇಲೆ ಸುತ್ತು ಏರಬಾರದು, ಏರಿದರೆ ಎಸೆದಾಗ ಚಾಟಿ ಬಿಚ್ಚದೆ ಬುಗುರಿ ವಾಪಸ್ ಕಾಲಿಗೇ ಬರುತ್ತದೆ. ಎಡಗೈ ಹುಡುಗನಿಗೆ ಸುತ್ತು ಎದುರು ದಿಕ್ಕಿಗೆ. ಇದನ್ನು ಯಾರೂ ಹೇಳಿಕೊಡದೆ ಎಷ್ಟೋ ಮಕ್ಕಳು ‘ನನಗೆ ಬರಲ್ಲ’ ಅಂತ ಕೈಬಿಡುತ್ತಾರೆ. ಟೈಲ್ಸ್ ನೆಲದಲ್ಲಿ ಆಡಿದರೆ ಗೀರು ಖಂಡಿತ, ತಾರಸಿ ಅಥವಾ ಮಣ್ಣಿನ ಅಂಗಳವಿರುವ ಮನೆಗೆ ಮಾತ್ರ ಕೊಡಿ. ಬೇರೆ ಮಕ್ಕಳು ಎರಡು ಮೀಟರ್ ದೂರ ನಿಲ್ಲಬೇಕು. ಏಳು ವರ್ಷದ ಕೆಳಗೆ ಬೇಡ.

ಹಾರ್ಡ್‌ವೇರ್ ಅಂಗಡಿಯಲ್ಲಿ ಮೂರು ಮೀಟರಿನ ಅಳತೆ ಟೇಪು ಕೇಳಿ. ಐದು ಮೀಟರಿನದ್ದು ಭಾರ, ವಾಪಸ್ ನುಗ್ಗುವ ರಭಸಕ್ಕೆ ಅಂಚು ಬೆರಳು ಕೊಯ್ಯುತ್ತದೆ. ಲಾಕ್ ಗುಂಡಿ ಒತ್ತಿದ ಮೇಲೂ ಪಟ್ಟಿ ಜಾರಿದರೆ ಅದನ್ನು ಬದಲಿಸಿಕೊಳ್ಳಿ. ಒಂದು ಮಾತು ಮಾತ್ರ ಮೊದಲೇ ಹೇಳಿರಿ: ತುದಿಯ ಕೊಕ್ಕೆ ಲೊಡಲೊಡ ಅಲುಗಾಡುವುದು ದೋಷವಲ್ಲ. ತನ್ನದೇ ದಪ್ಪದಷ್ಟು ಅದು ಜರುಗಬೇಕು, ಆಗಲೇ ಮೇಜಿನ ಅಂಚಿಗೆ ಸಿಕ್ಕಿಸಿ ಎಳೆದರೂ ಗೋಡೆಗೆ ಒತ್ತಿ ಹಿಡಿದರೂ ಅಳತೆ ಒಂದೇ ಬರುತ್ತದೆ. ಇದು ಗೊತ್ತಿಲ್ಲದ ಅಪ್ಪಂದಿರು ಸುತ್ತಿಗೆಯಿಂದ ಬಡಿದು ಬಿಗಿ ಮಾಡಿ ಒಳ್ಳೆಯ ಟೇಪು ಹಾಳು ಮಾಡುತ್ತಾರೆ. ಆರು ವರ್ಷದೊಳಗಿನವರಿಗೆ ದರ್ಜಿಯ ಬಟ್ಟೆ ಟೇಪೇ ಸರಿ.

ಅರ್ಧ ಲೀಟರಿನ ನೀರು ಚಿಮುಕಿಸುವ ಸ್ಪ್ರೇ ಬಾಟಲಿ ಐದು ವರ್ಷದವನಿಗೆ ಚಿನ್ನ. ಒಳಗಿನ ಕೊಳವೆ ತಳ ಮುಟ್ಟುತ್ತದೆಯೇ ನೋಡಿ. ಹೊಸದರಲ್ಲಿ ನೀರು ಬರದಿದ್ದರೆ ಕೆಟ್ಟಿಲ್ಲ, ಏಳೆಂಟು ಸಲ ಒತ್ತಿ ಗಾಳಿ ಹೋಗಲಿ. ನಮ್ಮ ಕಡೆಯ ಬೋರ್‌ವೆಲ್ ನೀರು ಗಡಸು, ದಿನ ಕಳೆದಂತೆ ಮೂತಿಯಲ್ಲಿ ಬಿಳಿ ಪದರ ಕಟ್ಟುತ್ತದೆ. ಮೂತಿ ತಿರುಗಿಸಿ ತೆಗೆದು, ಉಗುರುಬೆಚ್ಚನೆ ನೀರಿಗೆ ನಿಂಬೆರಸ ಹಿಂಡಿ ಅರ್ಧ ಗಂಟೆ ನೆನೆಸಿದರೆ ಬಿಡುತ್ತದೆ. ಫಿನಾಯಿಲ್ ತುಂಬಿದ್ದ ಹಳೇ ಬಾಟಲಿ ತೊಳೆದು ಕೊಡುವ ಜಾಣತನ ಬೇಡ.

ಚೌಕಾಬಾರದ ಬಗ್ಗೆ ನಮ್ಮದು ಅರೆಮನಸ್ಸು. ಅಜ್ಜಿ ಇರುವ ಮನೆಯಲ್ಲಿ ಓಡುತ್ತದೆ, ಇಲ್ಲದಿದ್ದರೆ ಅಟ್ಟ ಸೇರುತ್ತದೆ. ಕೊಡುವುದಾದರೆ ದಪ್ಪ ಬಟ್ಟೆಯ ಮೇಲೆ ಐದಕ್ಕೆ ಐದು ಮನೆ ಬರೆದು, ಕವಡೆ ನಾಲ್ಕರ ಬದಲು ಆರು ಕೊಡಿ, ಎರಡು ಕಳೆಯುತ್ತವೆ. ಗ್ರಂಧಿಗೆ ಅಂಗಡಿಯಲ್ಲಿ ಒಂದೇ ಗಾತ್ರದವು ಆರಿಸಿ, ಹತ್ತು ಸಲ ಎಸೆದು ನೋಡಿ, ಒಂದೇ ಮಗ್ಗುಲಿಗೆ ಬೀಳುವ ಕವಡೆ ಬಿಡಿ. ಕವಡೆ ದುಬಾರಿ ಅನಿಸಿದರೆ ಹುಣಸೆ ಬೀಜದ ಒಂದು ಬದಿಯನ್ನು ಬಿಳಿ ಬರುವವರೆಗೆ ಉಜ್ಜಿ. ತುಮಕೂರಿನಲ್ಲಿ ಹುಣಸೆಗೇನು ಬರ?

ಗುಂಡಿ ಸೆಲ್ಲಿನ ಮಿಣುಕು ದೀಪದ ಸಾಮಾನು ಯಾವುದನ್ನೂ ಕೊಡಬೇಡಿ, ನುಂಗಿದರೆ ಎರಡು ಗಂಟೆಯೊಳಗೆ ಅನ್ನನಾಳ ಸುಡಬಹುದು. ಮಣಿಯಂಥ ಬಲವಾದ ಅಯಸ್ಕಾಂತವೂ ಬೇಡ, ಎರಡು ಒಳಗೆ ಹೋದರೆ ಕರುಳಿನ ಗೋಡೆಯನ್ನು ನಡುವೆ ಹಿಡಿದು ಕಚ್ಚುತ್ತವೆ. ಆಟಿಕೆಯನ್ನೇ ಕೊಳ್ಳುವುದಾದರೆ ಐಎಸ್‌ಐ ಗುರುತು ನೋಡಿ, 2021ರ ಜನವರಿಯಿಂದ ಹದಿನಾಲ್ಕು ವರ್ಷದೊಳಗಿನವರ ಆಟಿಕೆಗಳಿಗೆ ಅದು ಕಡ್ಡಾಯ. ಸೆಲ್ಲಿನ ಮುಚ್ಚಳ ಸ್ಕ್ರೂ ಹಾಕಿದ್ದಾಗಿರಲಿ.

ಮುನ್ನೂರಕ್ಕೆ ಭೂತಗನ್ನಡಿ, ಬುಗುರಿ ಎರಡೂ ಬಂದು ಗಿಫ್ಟ್ ಪೇಪರಿಗೂ ಚಿಲ್ಲರೆ ಉಳಿಯುತ್ತದೆ. ಚಾಟಿಗೆ ಗಂಟು, ಕುಣಿಕೆ ಎರಡನ್ನೂ ನೀವೇ ಹಾಕಿ ಕಟ್ಟಿಸಿ. ಕೇಕ್ ಕತ್ತರಿಸುವ ಹೊತ್ತಿನಲ್ಲಿ ಆ ಮನೆಯವರಿಗೆ ದಾರ ಹುಡುಕಲು ಪುರುಸೊತ್ತಿರುವುದಿಲ್ಲ.