ತೊಗರಿಗೆ ಯಾವ ಎಣ್ಣೆ? ಮನೆಯ ದನ, ಕೋಳಿ ನೋಡಿ ಆರಿಸಿ

ಕಲಬುರಗಿ ಕಡೆ ತೊಗರಿ ಹೂವಿಗೆ ಬಂತೆಂದರೆ ಕಾಯಿಕೊರಕದ ಚಿಂತೆ ಶುರು. ಅಂಗಡಿಯಲ್ಲಿ ಎರಡು ಎಣ್ಣೆ, ಅಂದರೆ ಕೀಟನಾಶಕದ ಡಬ್ಬಿ ಮುಂದಿಡುತ್ತಾರೆ: ಕ್ಲೋರ್‌ಪೈರಿಫಾಸ್, ಸೈಪರ್‌ಮೆಥ್ರಿನ್. ಹುಳು ಸತ್ತರಷ್ಟೇ ಸಾಲದು. ಹೊಟ್ಟು ತಿನ್ನುವ ಎತ್ತಿನ ಮೈ ಅದನ್ನು ಹೇಗೆ ಅರಗಿಸುತ್ತದೆ ಅಂತಲೂ ನೋಡಬೇಕು, ಅಲ್ವಾ?

ಕ್ಲೋರ್‌ಪೈರಿಫಾಸ್‌ನ ಒಂದು ಪಾಲನ್ನು ಲಿವರ್‌ನಲ್ಲಿ ವಿಷ ಅರಗಿಸುವ ಪಿ450 ಕಿಣ್ವಗಳೇ ಇನ್ನೂ ಜಾಸ್ತಿ ವಿಷದ ಆಕ್ಸಾನ್ ಮಾಡುತ್ತವೆ. ಅದು ನರಗಳ ಸಂದೇಶವನ್ನು ಹೊತ್ತಿಗೆ ನಿಲ್ಲಿಸುವ ಅಸಿಟೈಲ್‌ಕೋಲಿನ್‌ಎಸ್ಟರೇಸ್ ಕಿಣ್ವವನ್ನು ಕಟ್ಟಿಹಾಕುತ್ತದೆ. ಜೊಲ್ಲು ಸುರಿಯುತ್ತದೆ, ಮೈ ನಡುಗುತ್ತದೆ, ಉಸಿರು ಸಿಕ್ಕಿಕೊಳ್ಳುತ್ತದೆ. ಆಕ್ಸಾನ್ ಒಡೆಯುವ ಪ್ಯಾರಾಆಕ್ಸೊನೇಸ್ ಎಂಬ ಕಿಣ್ವ ದನದ ರಕ್ತದಲ್ಲಿದೆ. ಪಾಪ, ಕೋಳಿಗೆ ಅದು ತೀರಾ ಕಡಿಮೆ.

ಸೈಪರ್‌ಮೆಥ್ರಿನ್ ದನಕ್ಕೆ ಹಗುರ. ಮೈಯೊಳಗಿನ ಕಾರ್ಬಾಕ್ಸಿಲ್‌ಎಸ್ಟರೇಸ್ ಎಂಬ ಕಿಣ್ವ ಅದನ್ನು ಬೇಗ ತುಂಡು ಮಾಡುತ್ತದೆ. ಮೀನು, ಜೇನುಹುಳುಗಳಿಗೆ ಮಾತ್ರ ಬಹಳ ಕೆಟ್ಟದ್ದು.

ಎರಡೂ ಕೂಡಿಸಿದ ಡಬ್ಬಿ ಬೇಡವೇ ಬೇಡ. ಆಕ್ಸಾನ್ ಆ ಕಾರ್ಬಾಕ್ಸಿಲ್‌ಎಸ್ಟರೇಸಿನ ಕೈಯನ್ನೂ ಕಟ್ಟುತ್ತದೆ. ಹಗುರ ಇದ್ದದ್ದೂ ಭಾರವಾಗುತ್ತದೆ.

ಅಂಗಳದಲ್ಲಿ ಕೋಳಿ ಇದ್ದರೆ ನಾನು ಸೈಪರ್‌ಮೆಥ್ರಿನ್ ಹಿಡಿಯುತ್ತೇನೆ, ಜೇನು ಗೂಡಿಗೆ ಮರಳಿದ ಮೇಲೆ, ಸಂಜೆ ಹೊತ್ತು. ಹೊಲ ಹಳ್ಳದ ದಂಡೆಗಿದ್ದರೆ ಎರಡನ್ನೂ ಬಿಟ್ಟು ಬೇವಿನ ಬೀಜದ ಕಷಾಯ. ಏನೇ ಹೊಡೆದರೂ, ಡಬ್ಬಿ ಮೇಲೆ ಬರೆದಷ್ಟು ದಿನ ದನ ಹೊಲದೊಳಗೆ ಬಿಡಬೇಡಿ.